ಡಬ್ಬಿ ಹಾಲು: ಆಯ್ಕೆ, ಅಳತೆ, ತಯಾರಿ

ತಾಯಿಹಾಲು ಸಿಗದ, ಸಿಕ್ಕರೂ ಸಾಲದ ಶಿಶುವಿಗೆ ಅದರ ಬದಲಿಗೆ ಕೊಡಲು ತಯಾರಿಸಿದ ಆಹಾರವೇ ಶಿಶು ಹಾಲಿನ ಪುಡಿ. ವೈದ್ಯರು ಇದನ್ನು ಫಾರ್ಮುಲಾ ಎನ್ನುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ‘ಡಬ್ಬಿ ಹಾಲು’, ‘ಪುಡಿ ಹಾಲು’ ಎಂದರೆ ಸಾಕು. ಯಾವ ಕಂಪೆನಿಯದ್ದು ಒಳ್ಳೆಯದು ಎಂಬುದು ಮನೆಯವರ ಮೊದಲ ಪ್ರಶ್ನೆ. ಆದರೆ ಮಗುವಿನ ಹೊಟ್ಟೆ ಕೆಡುವುದು, ತೂಕ ಏರದಿರುವುದು ಹೆಚ್ಚಾಗಿ ನೀರು, ಅಳತೆ, ಪಾತ್ರೆಗಳ ದೋಷದಿಂದ.

ಯಾವಾಗ ಬೇಕಾಗುತ್ತದೆ

ಮೊದಲ 6 ತಿಂಗಳು ತಾಯಿಹಾಲೊಂದೇ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವುದು ಗಟ್ಟಿಯಾದ ಗಿಣ್ಣುಹಾಲು. ಅದರ ಪ್ರಮಾಣ ಚಮಚಗಳ ಲೆಕ್ಕದಲ್ಲೇ ಇರುತ್ತದೆ; ಅದನ್ನು ನೋಡಿ ‘ಹಾಲು ಇಲ್ಲ’ ಎಂದು ತೀರ್ಮಾನಿಸಿ ಡಬ್ಬಿ ತರಬಾರದು. ಆ ದಿನಗಳು ಕಳೆದ ಮೇಲೆ ಮಗು ದಿನಕ್ಕೆ 6 ಸಲವಾದರೂ ಮೂತ್ರ ಮಾಡುತ್ತಿದ್ದರೆ, ಹುಟ್ಟಿದ ತೂಕವನ್ನು ಸುಮಾರು 2 ವಾರದೊಳಗೆ ಮರಳಿ ಪಡೆದರೆ ಹಾಲು ಸಾಲುತ್ತಿದೆ ಎಂದರ್ಥ.

ತಾಯಿಗೆ ಕ್ಯಾನ್ಸರ್ ಚಿಕಿತ್ಸೆಯಂತಹ ಔಷಧಿ ನಡೆಯುತ್ತಿರುವಾಗ, ತಾಯಿ ಇಲ್ಲದಿರುವಾಗ, ಮಗುವನ್ನು ದತ್ತು ಪಡೆದಾಗ, ಗ್ಯಾಲಕ್ಟೊಸೀಮಿಯಾದಂತಹ ಅಪರೂಪದ ಹುಟ್ಟು ಕಾಯಿಲೆ ಇರುವಾಗ ಪುಡಿ ಹಾಲು ಬೇಕೇ ಬೇಕು. ಅವಧಿಗೆ ಮುನ್ನ ಹುಟ್ಟಿ ಆಸ್ಪತ್ರೆಯಲ್ಲಿರುವ ಶಿಶುಗಳಿಗೆ ದಾನಿ ತಾಯಂದಿರ ಹಾಲು ಇನ್ನೂ ಒಳ್ಳೆಯದು. ಮಂಗಳೂರಿನ ಸರಕಾರಿ ಲೇಡಿಗೋಷನ್ ಆಸ್ಪತ್ರೆಯಲ್ಲಿ ಅದಕ್ಕಾಗಿ 2022ರಲ್ಲಿ ತಾಯಿಹಾಲಿನ ಬ್ಯಾಂಕ್ ಆರಂಭವಾಯಿತು. ಗೇರುಬೀಜದ ಕಾರ್ಖಾನೆಗೋ ಕಚೇರಿಗೋ ಕೆಲಸಕ್ಕೆ ಮರಳುವ ತಾಯಿ ಹಾಲನ್ನು ಹಿಂಡಿಟ್ಟು ಹೋಗಬಹುದು. ಅದು ಹೊರಗೆ ತಂಪು ಜಾಗದಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಕೆಡುವುದಿಲ್ಲ.

ಪುಡಿಯಲ್ಲಿ ಏನಿದೆ

ಹೆಚ್ಚಿನ ಪುಡಿಗಳು ಹಸುವಿನ ಹಾಲಿನಿಂದ ಆದವು. ಪ್ರೊಟೀನ್ ಮತ್ತು ಲವಣವನ್ನು ತಗ್ಗಿಸಿ, ಕಬ್ಬಿಣ, ವಿಟಮಿನ್, ಸಸ್ಯಜನ್ಯ ಎಣ್ಣೆ ಸೇರಿಸಿರುತ್ತಾರೆ. ಹಟ್ಟಿಯ ಹಸುವಿನ ಹಾಲಿಗೆ ನೀರು ಬೆರೆಸಿದರೆ ಈ ಹದ ಬರುವುದಿಲ್ಲ. ಹಸುವಿನ ಹಾಲಲ್ಲಿ ಕಬ್ಬಿಣ ಕಡಿಮೆ, ಪ್ರೊಟೀನ್ ಮತ್ತು ಲವಣ ಹೆಚ್ಚು. ಎಳೆಯ ಮೂತ್ರಪಿಂಡಕ್ಕೆ ಅದು ಹೊರೆ. ವರ್ಷ ತುಂಬುವವರೆಗೆ ಅದು ಮುಖ್ಯ ಆಹಾರವಾಗಬಾರದು.

ಎಮ್ಮೆ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಗುಜರಾತಿನ ಅಮುಲ್ ಅದನ್ನು ಕಾರ್ಖಾನೆಗೆ ತಂದಿತು.

ಆರಿಸುವುದು ಹೇಗೆ

ಡಬ್ಬಿಯ ಮೇಲಿನ 1, 2, 3 ಎಂಬ ಅಂಕಿಗಳು ವಯಸ್ಸಿನ ಹಂತಗಳು. ಹುಟ್ಟಿನಿಂದ 6 ತಿಂಗಳವರೆಗೆ 1ನೇ ಹಂತ, 6 ತಿಂಗಳ ಮೇಲೆ 2ನೇ ಹಂತ. ಪುಡಿಯಲ್ಲಿ ಯಾವ ಪೋಷಕಾಂಶ ಎಷ್ಟಿರಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವೇ ಹೇಳುವುದರಿಂದ ಆರೋಗ್ಯವಂತ ಮಗುವಿಗೆ 1ನೇ ಹಂತದ ಯಾವ ಕಂಪೆನಿಯ ಪುಡಿಯಾದರೂ ನಡೆಯುತ್ತದೆ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಗುಣ ಹೆಚ್ಚಲ್ಲ. ತಿಂಗಳು ತಿಂಗಳೂ ಕೊಳ್ಳಲು ಸಾಧ್ಯವಾಗುವುದನ್ನೇ ಆರಿಸುವುದು ಜಾಣತನ. ಸೋಯಾ, ಲ್ಯಾಕ್ಟೋಸ್‌ರಹಿತ, ಅಲರ್ಜಿಯ, ಅವಧಿಪೂರ್ವ ಶಿಶುವಿನ ಪುಡಿಗಳನ್ನು ಮಕ್ಕಳ ವೈದ್ಯರು ಬರೆದುಕೊಟ್ಟರೆ ಮಾತ್ರ ತರಬೇಕು. ಮುಗಿಯುವ ದಿನಾಂಕವನ್ನು ಮೆಡಿಕಲ್‌ನಲ್ಲಿ ನಿಂತಲ್ಲೇ ನೋಡಿ.

ಈ ಪುಡಿಗೆ ಟಿವಿಯಲ್ಲಾಗಲಿ ಪತ್ರಿಕೆಯಲ್ಲಾಗಲಿ ಜಾಹೀರಾತು ಇರುವುದಿಲ್ಲ. ಶಿಶು ಹಾಲಿನ ಬದಲಿ ಆಹಾರ, ಹಾಲುಬಾಟಲಿಗಳ ಮಾರಾಟವನ್ನು ನಿಯಂತ್ರಿಸುವ 1992ರ ಕಾಯ್ದೆ ಜಾಹೀರಾತು, ಉಚಿತ ಮಾದರಿ, ಉಡುಗೊರೆಗಳನ್ನು ನಿಷೇಧಿಸಿದೆ. 2003ರ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ಡಬ್ಬಿಯ ಮೇಲೆ ತಾಯಿಯ ಅಥವಾ ಮಗುವಿನ ಚಿತ್ರ ಇರಬಾರದು. ತಾಯಿಹಾಲೇ ಶ್ರೇಷ್ಠ ಎಂಬ ಮಾತು ಇರಲೇಬೇಕು. ಪುಕ್ಕಟೆ ಪ್ಯಾಕೆಟ್ ಯಾರೇ ಕೊಟ್ಟರೂ ಅದು ಕಾನೂನಿಗೆ ವಿರುದ್ಧ.

ನೀರು ಮತ್ತು ಪಾತ್ರೆ

ಪುಡಿ ನೋಡಲು ಶುದ್ಧವಾಗಿದ್ದರೂ ರೋಗಾಣುರಹಿತವಲ್ಲ. ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಉಳಿದಿರಬಹುದು. 2 ತಿಂಗಳೊಳಗಿನ ಶಿಶುವಿಗೆ ಅದು ಮಾರಕವಾಗಬಹುದು. ಆದ್ದರಿಂದಲೇ ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಕಲಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಹೇಳಿದೆ. ಕುದಿದ ನೀರನ್ನು ಇಳಿಸಿ, ಮುಚ್ಚಿಟ್ಟು, ಅರ್ಧ ಗಂಟೆಯೊಳಗೆ ಬಳಸಿದರೆ ಅಷ್ಟು ಬಿಸಿ ಇರುತ್ತದೆ. ಕೆಲವು ಡಬ್ಬಿಗಳ ಮೇಲೆ ‘ಕುದಿಸಿ ಆರಿಸಿದ ಉಗುರುಬೆಚ್ಚನೆಯ ನೀರು’ ಎಂದಿರುತ್ತದೆ. ಮಗು ತೀರಾ ಎಳೆಯದಾಗಿದ್ದರೆ, ತೂಕ ಕಡಿಮೆ ಇದ್ದರೆ ಯಾವುದನ್ನು ಪಾಲಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

ಮಳೆಗಾಲದಲ್ಲಿ ಬಾವಿಯ ನೀರು ಕೆಂಪಾಗಿ ಕದಡುತ್ತದೆ. ಅದನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಬೇಕು. ಫಿಲ್ಟರ್‌ನ, ಬಾಟಲಿಯ ನೀರನ್ನೂ ಕುದಿಸಬೇಕು. ಬಚ್ಚಲ ಹಂಡೆಯ ಬಿಸಿನೀರು ಸಲ್ಲದು. ಜೀರಿಗೆ, ಲಾವಂಚ ಹಾಕಿದ ಕುಡಿನೀರು ದೊಡ್ಡವರಿಗಿರಲಿ, ಪುಡಿ ಕಲಸಲು ಬರಿ ನೀರೇ ಬೇಕು.

ಬಾಟಲಿಯ ಮೂಲೆ, ನಿಪ್ಪಲ್‌ನ ತೂತು ಸ್ವಚ್ಛ ಮಾಡುವುದು ಕಷ್ಟ. ಒಳಲೆ, ಇಲ್ಲವೇ ಸಣ್ಣ ಸ್ಟೀಲ್ ಲೋಟ ಮತ್ತು ಚಮಚ ಸುಲಭ. ಅವನ್ನೂ ತೊಳೆದು ನೀರಲ್ಲಿ ಮುಳುಗಿಸಿ ಕುದಿಸಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಮನೆಯಲ್ಲೇ ಬೀಡಿ ಕಟ್ಟುವವರು ಬಹಳ. ಹೊಗೆಸೊಪ್ಪಿನ ಪುಡಿ ಬೆರಳಿಗೆ, ಉಗುರಿನ ಸಂದಿಗೆ ಅಂಟಿರುತ್ತದೆ. ಬೀಡಿಯ ಮೊರ ಬದಿಗಿಟ್ಟು, ಸಾಬೂನಿನಲ್ಲಿ ಕೈ ತೊಳೆದ ಮೇಲೆಯೇ ಡಬ್ಬಿ ಮುಟ್ಟಬೇಕು.

ಕಲಸುವ ಕ್ರಮ

1. ಮೊದಲು ಬಿಸಿ ನೀರನ್ನು ಅಳೆದು ಹಾಕಿ. ಪುಡಿ ಹಾಕಿ ಆಮೇಲೆ ನೀರು ಹೊಯ್ದರೆ ಅಳತೆ ತಪ್ಪುತ್ತದೆ.
2. ಆ ಡಬ್ಬಿಯಲ್ಲೇ ಬಂದ ಚಮಚವನ್ನು ಬಳಸಿ. ತುಂಬಿಸಿ, ಮೇಲ್ಭಾಗವನ್ನು ಒಣ ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ, ಒತ್ತಬೇಡಿ.
3. ನಮ್ಮಲ್ಲಿ ಹೆಚ್ಚಿನ ಡಬ್ಬಿಗಳಿಗೆ 30 ಮಿಲಿ ನೀರಿಗೆ 1 ಚಮಚ. ಆದರೂ ನಿಮ್ಮ ಡಬ್ಬಿಯ ಮೇಲಿರುವುದನ್ನೇ ಪಾಲಿಸಿ.
4. ಗಂಟಿಲ್ಲದಂತೆ ಕಲಕಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ. ಮುಂಗೈ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ, ಬಿಸಿ ಸೋಕಬಾರದು.
5. ಮಗು ಕುಡಿದು ಉಳಿಸಿದ್ದನ್ನು ಚೆಲ್ಲಿ. ಕಲಸಿದ ಹಾಲನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ರಾತ್ರಿಗೆಂದು ಹಾಲು ಕಲಸಿಡುವ ಬದಲು ಕುದಿಸಿದ ನೀರನ್ನು ಫ್ಲಾಸ್ಕ್‌ನಲ್ಲಿ ತುಂಬಿಟ್ಟರೆ ಪ್ರತಿ ಸಲ ಹೊಸದಾಗಿ ಕಲಸಬಹುದು. ಸಕ್ಕರೆ, ಕಲ್ಲುಸಕ್ಕರೆ, ಜೇನು ಬೆರೆಸಬಾರದು. ವರ್ಷದೊಳಗಿನ ಮಗುವಿಗೆ ಜೇನು ಬೊಟುಲಿಸಂ ಎಂಬ ವಿಷಬಾಧೆ ತರಬಲ್ಲದು. ರಾಗಿ ಮಣ್ಣಿ ಕೊಡಲು ಮಗುವಿಗೆ 6 ತಿಂಗಳು ತುಂಬಲಿ.

ಎಷ್ಟು ಕೊಡಬೇಕು, ಎಷ್ಟು ಬೇಕಾಗುತ್ತದೆ

ಮೊದಲ ವಾರ ಕಳೆದ ಮೇಲೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿ ಎಂಬುದು ಅಂದಾಜು ಲೆಕ್ಕ. 3 ಕಿಲೋ ಮಗುವಿಗೆ ದಿನಕ್ಕೆ 450 ಮಿಲಿ. 8 ಸಲಕ್ಕೆ ಹಂಚಿದರೆ ಪ್ರತಿ ಸಲ 55ರಿಂದ 60 ಮಿಲಿ. ಒಂದು ಚಮಚ ಪುಡಿ ಸುಮಾರು ನಾಲ್ಕೂವರೆ ಗ್ರಾಂ ಎಂದುಕೊಂಡರೆ 400 ಗ್ರಾಂ ಪ್ಯಾಕೆಟ್ ಆರು ದಿನಕ್ಕೆ ಮುಗಿಯುತ್ತದೆ. ಮಗು 5 ಕಿಲೋ ಆದಾಗ ಮೂರೂವರೆ ದಿನಕ್ಕೆ ಒಂದು, ತಿಂಗಳಿಗೆ ಎಂಟೊಂಬತ್ತು ಪ್ಯಾಕೆಟ್. ಈ ಖರ್ಚು ಮೊದಲೇ ಗೊತ್ತಿಲ್ಲದ ಮನೆಗಳಲ್ಲಿ ತಿಂಗಳ ಕೊನೆಗೆ ಹಾಲು ತೆಳ್ಳಗಾಗುತ್ತದೆ. ತೆಳು ಹಾಲಿನಿಂದ ಮಗು ಸೊರಗುತ್ತದೆ, ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಬೇಗ ದಪ್ಪವಾಗಲೆಂದು ಗಟ್ಟಿ ಮಾಡಿದರೆ ಮಲಬದ್ಧತೆ, ನಿರ್ಜಲೀಕರಣ.

ಪುಡಿಯನ್ನು ಇಡುವುದು

ಕರಾವಳಿಯ ಮಳೆಗಾಲದಲ್ಲಿ ತೆರೆದ ಪುಡಿ ಬೇಗ ಮುದ್ದೆ ಕಟ್ಟುತ್ತದೆ. ಪ್ಯಾಕೆಟ್ಟಿನ ಪುಡಿಯನ್ನು ಗಾಳಿಯಾಡದ ಒಣ ಡಬ್ಬಿಗೆ ಹಾಕಿ, ತೆರೆದ ದಿನವನ್ನು ಮೇಲೆ ಬರೆಯಿರಿ. ಡಬ್ಬಿಯ ಮೇಲೆ ಹೇಳಿದ ಅವಧಿಯೊಳಗೆ ಮುಗಿಸಿ. ಒಲೆಯ ಹತ್ತಿರವಾಗಲಿ ಫ್ರಿಜ್‌ನಲ್ಲಾಗಲಿ ಪುಡಿ ಇಡಬಾರದು. ಒದ್ದೆ ಚಮಚ ಒಳಗೆ ಹೋಗಬಾರದು.

ವೈದ್ಯರ ಬಳಿ ಯಾವಾಗ

ಜ್ವರ, ಹಾಲು ಬೇಡವೆನ್ನುವುದು, ಎಬ್ಬಿಸಿದರೂ ಏಳದ ನಿದ್ದೆ, ಹಸಿರು ವಾಂತಿ, ಮಲದಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು ಕಂಡರೆ ಕಾಯದೆ ತಾಲೂಕು ಆಸ್ಪತ್ರೆಗೆ ಅಥವಾ ಹತ್ತಿರದ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಸಲಹೆಗೆ ರಾಜ್ಯದ ಆರೋಗ್ಯ ಸಹಾಯವಾಣಿ 104 ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ಕ್ರಮವಿದೆ. ಬಂದಾಗ ಒಂದು ಹೊತ್ತಿನ ಹಾಲನ್ನು ಅವರೆದುರೇ ಕಲಸಿ ತೋರಿಸಿದರೆ ಅಳತೆಯ ತಪ್ಪು ಅಲ್ಲೇ ಗೊತ್ತಾಗುತ್ತದೆ.