ಜುಟ್ಟಿನ ದೋಷ, ಹಿಂಡಿನ ಹರವು: ಬಾಸ್ಕ್ ಕೋಳಿಯ ಸಂರಕ್ಷಣೆಯಲ್ಲಿ ಆಯ್ಕೆಯ ಕ್ರಮ

ಸಾರಾಂಶ

ಸ್ಪೇನಿನ ಬಾಸ್ಕ್ ನಾಡಿನ ದೇಸಿ ಕೋಳಿಗೆ ಒಂಟಿ ಜುಟ್ಟು ತಳಿಲಕ್ಷಣ. ಆ ಜುಟ್ಟಿನ ಬದಿಯಲ್ಲಿ ಕುಡಿಯೊಡೆಯುವ ದೋಷವು, ಅದು ಕಂಡ ಹಕ್ಕಿಗಳನ್ನಷ್ಟೇ ತೆಗೆದುಹಾಕಿದರೆ ಹಿಂಡಿನಿಂದ ಹೋಗುವುದಿಲ್ಲ. ಅವಸರಪಟ್ಟರೆ ದೋಷದ ಜೊತೆಗೆ ವಂಶವೈವಿಧ್ಯವೂ ಹೋಗುತ್ತದೆ. ಹುಂಜಗಳನ್ನು ಅವುಗಳ ಮರಿಗಳಿಂದ ಪರೀಕ್ಷಿಸುತ್ತ, ಹುಂಜಗಳ ಸಂಖ್ಯೆಯನ್ನು ಕಾಯ್ದುಕೊಳ್ಳುವ ನಿಧಾನದ ಆಯ್ಕೆಯೇ ಸರಿಯೆಂಬುದು ಈ ಲೇಖನದ ವಾದ.

1. ತಳಿಯ ಹಿನ್ನೆಲೆ

ಬಿಸ್ಕೆ ಕೊಲ್ಲಿಗೂ ಪಿರನೀಸ್ ಪರ್ವತಗಳಿಗೂ ನಡುವಿನ ಮಳೆನಾಡಿನಲ್ಲಿ ಬಾಸ್ಕ್ ರೈತರ ಒಕ್ಕಲುಮನೆಗಳ ಅಂಗಳದಲ್ಲಿ ಮೇಯ್ದುಕೊಂಡು ಬೆಳೆದ ಕೋಳಿ ಇದು. ಬಾಸ್ಕ್ ಭಾಷೆಯಲ್ಲಿ ಇದರ ಹೆಸರು ಎವುಸ್ಕಲ್ ಓಯ್ಲೋವಾ. ಕಂದು ಮೊಟ್ಟೆ, ಸಾಧು ಸ್ವಭಾವ, ಮೊಟ್ಟೆ ಮಾಂಸ ಎರಡಕ್ಕೂ ಒದಗುವ ಮೈಕಟ್ಟು ಇದರ ಗುಣಗಳು. ಇದರಲ್ಲಿ ಐದು ಬಗೆಗಳಿವೆ: ಕಪ್ಪಾದ ಬೆಲ್ತ್ಸಾ, ಕೆಂಪಾದ ಗೊರ್ರಿಯಾ, ಬೋಳು ಕುತ್ತಿಗೆಯ ಲೆಪಸೋಯ್ಲಾ, ಹೊಂಬಣ್ಣದ ಮೇಲೆ ಪಟ್ಟೆಗಳಿರುವ ಮರ್ರಾದುನಾ, ಬೆಳ್ಳಿಬಣ್ಣದ ಸಿಲಾರ್ರಾ. ವಾಣಿಜ್ಯ ತಳಿಗಳು ಹಳ್ಳಿಗಳನ್ನು ಹೊಕ್ಕ ಮೇಲೆ ಸ್ಪೇನಿನ ಇತರ ದೇಸಿ ಕೋಳಿಗಳಂತೆ ಇದೂ ಅಳಿವಿನ ಅಂಚಿಗೆ ಬಂತು. ತಳಿವಿಜ್ಞಾನಿ ಫರ್ನಾಂಡೊ ಓರೋಸ್ಕೊ ಅವರ ನೇತೃತ್ವದಲ್ಲಿ 1975ರಲ್ಲಿ ಆರಂಭವಾದ ಸಂರಕ್ಷಣಾ ಕಾರ್ಯಕ್ರಮವು ಸ್ಪೇನಿನ ದೇಸಿ ತಳಿಗಳನ್ನು ಹುಡುಕಿ ಒಟ್ಟುಗೂಡಿಸಿತು. ಬಾಸ್ಕ್ ಕೋಳಿಯೂ ಅವುಗಳಲ್ಲೊಂದು.

ಹೀಗೆ ಉಳಿಸಿಕೊಂಡ ತಳಿಗಳಿಗೆಲ್ಲ ಒಂದು ಸಮಾನ ಇಕ್ಕಟ್ಟಿದೆ. ಅವುಗಳ ಮೂಲ ಹಕ್ಕಿಗಳು ಬೆರಳೆಣಿಕೆಯಷ್ಟು. ಮುಂದೆ ಸಾಗರ ದಾಟಿ ಕೆನಡಾ, ಅಮೆರಿಕಗಳನ್ನು ಸೇರಿದ ಬಾಸ್ಕ್ ಹಿಂಡುಗಳ ಬುನಾದಿ ಇನ್ನೂ ಕಿರಿದು. ಬುನಾದಿ ಕಿರಿದಾದಲ್ಲಿ ಅಡಗಿದ್ದ ದೋಷಗಳು ಜೋಡಿಗೂಡಿ ಹೊರಬರುತ್ತವೆ. ಸಾಕಣೆದಾರರ ಕಣ್ಣಿಗೆ ಮೊದಲು ಬೀಳುವುದು ಜುಟ್ಟಿನ ದೋಷ.

2. ಜುಟ್ಟಿನ ವಂಶವಿಜ್ಞಾನ

ಮೆಂಡೆಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟಿನಿಂದಲೇ. ಗುಲಾಬಿ ಜುಟ್ಟು, ಬಟಾಣಿ ಜುಟ್ಟು ಎರಡೂ ಒಂಟಿ ಜುಟ್ಟಿನೆದುರು ಪ್ರಬಲ ಗುಣಗಳು. ಇವುಗಳ ಆಣವಿಕ ಕಾರಣ ತಿಳಿದದ್ದು ಒಂದು ಶತಮಾನದ ಬಳಿಕ. ಸಾಕ್ಸ್5 ಎಂಬ ವಂಶವಾಹಿಯೊಳಗಿನ ಒಂದು ತುಣುಕು ಹಲವು ಪಟ್ಟು ಮರುಕಳಿಸಿದ್ದರಿಂದ ಬಟಾಣಿ ಜುಟ್ಟು ಮೂಡುತ್ತದೆಂದು 2009ರಲ್ಲಿ ತಿಳಿಯಿತು. ಏಳನೇ ವರ್ಣತಂತುವಿನ ಒಂದು ದೊಡ್ಡ ಭಾಗ ತಲೆಕೆಳಗಾದದ್ದು ಗುಲಾಬಿ ಜುಟ್ಟಿಗೆ ಕಾರಣವೆಂದು 2012ರಲ್ಲಿ ಸ್ಪಷ್ಟವಾಯಿತು. ಹೀಗೆ ತಲೆಕೆಳಗಾದ ಭಾಗದ ಎರಡು ಪ್ರತಿಗಳಿರುವ ಹುಂಜಗಳ ವೀರ್ಯಾಣುಗಳ ಚಲನೆ ಕುಂದಿರುತ್ತದೆಂಬುದೂ ಅದೇ ಅಧ್ಯಯನದಿಂದ ಖಚಿತವಾಯಿತು. ಜುಟ್ಟು ಬರಿಯ ಅಲಂಕಾರವಲ್ಲ, ದೇಹದ ಉಳಿದ ವ್ಯವಹಾರಗಳೊಂದಿಗೆ ಹೆಣೆದುಕೊಂಡ ಅಂಗ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಈ ಇತಿಹಾಸದಿಂದ ಸಾಕಣೆದಾರರಿಗೆ ಸಿಗುವ ಪಾಠ ಸರಳ. ಬಾಸ್ಕ್ ಹಿಂಡಿಗೆ ಬೇರೆ ತಳಿಯ ಬಟಾಣಿ ಜುಟ್ಟು ಬೆರೆತರೆ ಅದು ಪ್ರಬಲ ಗುಣವಾದ್ದರಿಂದ ಕಾಣಿಸಿಕೊಳ್ಳುತ್ತದೆ. ಅದನ್ನು ಹೊತ್ತ ಹಕ್ಕಿಗಳನ್ನು ಸಂತಾನಕ್ಕೆ ಬಿಡದಿದ್ದರೆ ಹೆಚ್ಚುಕಡಿಮೆ ಒಂದೇ ಪೀಳಿಗೆಯಲ್ಲಿ ಹೋಗುತ್ತದೆ. ಆದರೆ ಒಂಟಿ ಜುಟ್ಟಿನೊಳಗಿನ ದೋಷಗಳ ದಾರಿ ಬೇರೆ.

3. ದೋಷಗಳನ್ನು ಬೇರ್ಪಡಿಸಿ ನೋಡುವುದು

ಎಲ್ಲ ದೋಷಗಳೂ ಒಂದೇ ತೂಕದವಲ್ಲ. ಜುಟ್ಟಿನ ಮುಂಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದಂಥ ತಗ್ಗು, ಸೊಟ್ಟ ಜುಟ್ಟು, ಒಂದೇ ಬುಡದಿಂದ ಎರಡಾಗಿ ಒಡೆದ ಹಲ್ಲು ಮುಂತಾದವು ಜುಟ್ಟಿನ ಗಾತ್ರದೊಂದಿಗೂ ಹಲವು ವಂಶವಾಹಿಗಳೊಂದಿಗೂ ಸಂಬಂಧ ಹೊಂದಿವೆ. ಗಾತ್ರವಂತೂ ಹವೆಯನ್ನೂ ಅವಲಂಬಿಸಿದೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೈಯ ಬಿಸಿಯನ್ನು ಹೊರಹಾಕುವುದರಲ್ಲಿ ರಕ್ತ ತುಂಬಿದ ಜುಟ್ಟಿಗೆ ಪಾಲಿದೆ. ಹೀಗಾಗಿ ಬಿಸಿ ಹವೆಯಲ್ಲಿ ಬೆಳೆದ ಹಕ್ಕಿಯ ಜುಟ್ಟು ದೊಡ್ಡದಾಗುತ್ತದೆ. ಮೊಟ್ಟೆಯಿಡುವ ಹೇಂಟೆಯ ಜುಟ್ಟು ಒಂದಿಷ್ಟು ವಾಲಿದರೆ ಅದನ್ನು ತಳಿದೋಷವೆನ್ನಲಾಗದು. ಇಂಥವನ್ನು ಅಂಕ ಕೊಟ್ಟು ತೂಗಿ ನೋಡಬೇಕೇ ಹೊರತು ಅವುಗಳಿಂದಾಗಿ ಹಕ್ಕಿಯನ್ನು ಹೊರಹಾಕಬಾರದು.

ಪಕ್ಕಕುಡಿ ಇವೆಲ್ಲಕ್ಕಿಂತ ಗಂಭೀರ. ಜುಟ್ಟಿನ ಅಲಗಿನ ಬದಿಯಿಂದ ಹೆಚ್ಚುವರಿ ಕುಡಿಯೊಂದು ಹೊರಚಾಚುವುದನ್ನು ಅಮೆರಿಕದ ಕೋಳಿ ಮಾನದಂಡ ಗ್ರಂಥವು ಒಂಟಿ ಜುಟ್ಟಿನ ತಳಿಗಳಲ್ಲಿ ಅನರ್ಹತೆಯೆಂದೇ ಗಣಿಸುತ್ತದೆ. ನೆಟ್ಟಗಿನ ಜುಟ್ಟಿನ ತಂದೆತಾಯಿಗಳಿಗೂ ಇಂಥ ಮರಿ ಹುಟ್ಟುತ್ತದೆ. ವಂಶದಲ್ಲಿ ಅಡಗಿ ಸಾಗುವ ಗುಣವಿದೆಂಬುದಕ್ಕೆ ಅದೇ ಸೂಚನೆ. ಮರಿಯಲ್ಲಿ ಕುಡಿಯನ್ನು ಚಿವುಟಿ ಹಾಕಿದರೆ ಹಕ್ಕಿ ನೋಡಲು ಚೆನ್ನಾಗಬಹುದು, ಆದರೆ ಅದರ ಸಂತತಿಯಲ್ಲಿ ದೋಷ ಮುಂದುವರಿಯುತ್ತದೆ. ಕೊಳ್ಳುವವರಿಗೆ ಅದು ಮೋಸವೂ ಹೌದು.

4. ಕಂಡದ್ದನ್ನಷ್ಟೇ ತೆಗೆದರೆ

ಲೆಕ್ಕಕ್ಕೆ ಇದನ್ನು ಒಂದೇ ವಂಶವಾಹಿಯ ದುರ್ಬಲ ಗುಣವೆಂದು ಇಟ್ಟುಕೊಳ್ಳೋಣ. 25 ಹಕ್ಕಿಗಳಲ್ಲಿ ಒಂದಕ್ಕೆ ಪಕ್ಕಕುಡಿ ಇದ್ದರೆ, ಯಾದೃಚ್ಛಿಕ ಕೂಡುವಿಕೆಯಲ್ಲಿ 8 ಹಕ್ಕಿಗಳು ದೋಷದ ಒಂದೊಂದು ಪ್ರತಿಯನ್ನು ಹೊತ್ತಿರುತ್ತವೆ, 16 ಮಾತ್ರ ಮುಕ್ತ. ದೋಷ ಕಂಡ ಒಂದನ್ನು ತೆಗೆದರೂ ಉಳಿದವುಗಳಲ್ಲಿ ಮೂರರಲ್ಲೊಂದು ವಾಹಕವೇ. ಇದೇ ಕ್ರಮವನ್ನು ಐದು ಪೀಳಿಗೆ ತಪ್ಪದೆ ನಡೆಸಿದರೆ ದೋಷ ಕಾಣುವ ಹಕ್ಕಿಗಳು ನೂರಕ್ಕೆ ಒಂದಕ್ಕೆ ಇಳಿಯುತ್ತವೆ. ಆದರೆ ವಾಹಕಗಳು ಆಗಲೂ ನೂರಕ್ಕೆ 18. ದೋಷ ವಿರಳವಾದಷ್ಟೂ ಅದರ ಇಳಿಕೆಯ ವೇಗವೂ ತಗ್ಗುತ್ತದೆ.

ಬೇಸತ್ತ ಸಾಕಣೆದಾರರು ಆಗ ಹಿಡಿಯುವ ದಾರಿಯೆಂದರೆ, ಚಂದದ ಜುಟ್ಟಿನ ಒಂದೆರಡು ಹುಂಜಗಳನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆಯುವುದು. ಅದರ ಬೆಲೆಯನ್ನೂ ಲೆಕ್ಕ ಹಾಕಬಹುದು. 20 ಹೇಂಟೆಗಳಿಗೆ 6 ಹುಂಜಗಳಿದ್ದರೆ ಹಿಂಡಿನ ಪರಿಣಾಮಕಾರಿ ಗಾತ್ರ ಸುಮಾರು 18. ಒಳಸಂಬಂಧದ ಪ್ರಮಾಣ ಪೀಳಿಗೆಗೆ ಸುಮಾರು ಶೇ 2.7ರಂತೆ ಏರುತ್ತದೆ. ಅದೇ ಹೇಂಟೆಗಳಿಗೆ ಎರಡೇ ಹುಂಜಗಳಾದರೆ ಗಾತ್ರ 7ಕ್ಕೆ ಕುಸಿದು, ಏರಿಕೆ ಶೇ 6.9 ಆಗುತ್ತದೆ. ಮೊಟ್ಟೆಗಳು ಮರಿಯಾಗುವ ಪ್ರಮಾಣ, ಮರಿಗಳ ಬದುಕುಳಿವು, ಮೊಟ್ಟೆಯ ಇಳುವರಿ ಎಲ್ಲವೂ ಇದರಿಂದ ಸೊರಗುತ್ತವೆ. ಜುಟ್ಟು ತಿದ್ದಲು ಹೋಗಿ ಕೋಳಿಯನ್ನೇ ಕಳೆದುಕೊಂಡಂತೆ.

5. ಸಂತಾನ ಪರೀಕ್ಷೆ

ಹೆಚ್ಚು ಮರಿಗಳಿಗೆ ತಂದೆಯಾಗುವುದು ಹುಂಜ. ಆದ್ದರಿಂದ ಪರೀಕ್ಷೆಯ ಶ್ರಮ ಅದರ ಮೇಲೆ ಬೀಳಬೇಕು. ಇದಕ್ಕೆ ಬೇಕಾದ ಸಾಧನ, ಎಲ್ಲರೂ ತೆಗೆದುಹಾಕುವ ದೋಷವುಳ್ಳ ಹೇಂಟೆಯೇ. ಅವುಗಳಲ್ಲಿ ಎರಡು ಮೂರನ್ನು ಬೇರೆ ಗೂಡಿನಲ್ಲಿಟ್ಟು ಹುಂಜವನ್ನು ಅವುಗಳೊಂದಿಗೆ ಕೂಡಿಸಬೇಕು. ಹುಂಜ ವಾಹಕವಾಗಿದ್ದರೆ ಪ್ರತಿ ಮರಿಗೂ ಪಕ್ಕಕುಡಿ ಬರುವ ಸಂಭವ ಅರ್ಧದಷ್ಟು. ಏಳು ಮರಿಗಳ ಜುಟ್ಟೂ ನೆಟ್ಟಗಿದ್ದರೆ, ವಾಹಕ ಹುಂಜವೊಂದು ಹೀಗೆ ತಪ್ಪಿಸಿಕೊಳ್ಳುವ ಸಂಭವ 128ರಲ್ಲಿ ಒಂದು ಮಾತ್ರ. ದೋಷದ ಎರಡೂ ಪ್ರತಿಗಳಿದ್ದರೂ ಅರ್ಧದಷ್ಟು ಮರಿಗಳಲ್ಲಿ ಮಾತ್ರ ಕುಡಿ ಮೂಡುತ್ತದೆಂದು ಎಣಿಸಿದರೆ, ಅಷ್ಟೇ ಭರವಸೆಗೆ 17 ಮರಿಗಳು ಬೇಕು. ಎರಡು ಕಾವಿನಲ್ಲಿ ಮುಗಿಯುವ ಕೆಲಸ ಇದು. ಪರೀಕ್ಷೆಯ ಮರಿಗಳೆಲ್ಲವೂ ದೋಷದ ಒಂದು ಪ್ರತಿಯನ್ನಾದರೂ ಹೊತ್ತೇ ಹುಟ್ಟುವುದರಿಂದ ಅವನ್ನು ಕಾಲಿಗೆ ಉಂಗುರ ಹಾಕಿ ಗುರುತಿಸಬೇಕು, ತಳಿಯ ಹಿಂಡಿಗೆ ಸೇರಿಸಬಾರದು.

ವಾಹಕವೆಂದು ತಿಳಿದ ಹುಂಜವನ್ನೂ ಕೂಡಲೇ ಕೈಬಿಡಬೇಕಿಲ್ಲ. ಅದು ಅಪರೂಪದ ವಂಶಶಾಖೆಯ ಕೊನೆಯ ಹುಂಜವಾಗಿದ್ದರೆ, ದೋಷಮುಕ್ತ ಕುಟುಂಬದ ಹೇಂಟೆಗಳೊಂದಿಗೆ ಕೂಡಿಸಿ, ಹುಟ್ಟಿದ ಗಂಡುಗಳನ್ನು ಪರೀಕ್ಷಿಸಿ, ಮುಕ್ತವಾದ ಮಗನನ್ನು ತಂದೆಯ ಸ್ಥಾನಕ್ಕೆ ತರಬಹುದು. ಅದರ ಗಂಡುಮಕ್ಕಳಲ್ಲಿ ಅರ್ಧದಷ್ಟು ಮುಕ್ತವಾಗಿಯೇ ಹುಟ್ಟುತ್ತವೆ. ಹೀಗೆ ಮಾಡಿದರೆ ದೋಷ ಮಾತ್ರ ಹೋಗುತ್ತದೆ, ಶಾಖೆ ಉಳಿಯುತ್ತದೆ.

6. ಉಪಸಂಹಾರ

ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಆರೋಗ್ಯ ಮತ್ತು ಸಂತಾನಶಕ್ತಿ. ಅನಂತರ ಮೈಕಟ್ಟು, ಸ್ವಭಾವ, ಮೊಟ್ಟೆ. ಆಮೇಲೆ ಬಣ್ಣ ಮತ್ತು ಜುಟ್ಟು. ಪ್ರತಿ ಮರಿಯ ತಂದೆತಾಯಿ, ಜುಟ್ಟಿನ ಸ್ಥಿತಿ ದಾಖಲೆಯಲ್ಲಿರಬೇಕು. ಹುಂಜಗಳ ಸಂಖ್ಯೆ ಯಾವ ವರ್ಷವೂ ಕುಗ್ಗಬಾರದು. ಹಿಂಡು ಚಿಕ್ಕದಾದರೆ ಇತರ ಸಾಕಣೆದಾರರೊಂದಿಗೆ ಪರೀಕ್ಷಿತ ಹುಂಜಗಳ ವಿನಿಮಯ ನಡೆಯಬೇಕು. ಬಾಸ್ಕ್ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದದ್ದು ದಣಿಯದ, ಮೇವನ್ನು ತಾನೇ ಹುಡುಕಿಕೊಳ್ಳುವ, ಮನುಷ್ಯರಿಗೆ ಹತ್ತಿರವಾದ ಕೋಳಿಯನ್ನು. ನೆಟ್ಟಗಿನ ಜುಟ್ಟು ಆ ಕೋಳಿಗೆ ಶೋಭೆಯೇ ಹೌದು. ಅದನ್ನು ಹತ್ತು ವರ್ಷ ತಡವಾಗಿ ಪಡೆದರೂ ನಷ್ಟವಿಲ್ಲ, ಆದರೆ ಕಳೆದುಹೋದ ವಂಶಶಾಖೆಯನ್ನು ಮರಳಿ ಪಡೆಯುವ ದಾರಿಯಿಲ್ಲ. ಆದ್ದರಿಂದ ದೋಷದ ನಿವಾರಣೆ ಎಷ್ಟು ವೇಗವಾಗಿ ಆಗಬೇಕೆಂಬುದನ್ನು ಹಿಂಡಿನ ಹರವೇ ನಿರ್ಧರಿಸಬೇಕು.