ವಕೀಲಿ, ಲೋಕಹಿತ ಮತ್ತು ಹೊಟ್ಟೆಪಾಡು

ಮಕ್ಕಳ ಓದೆಂದರೆ ಡಾಕ್ಟರು, ಇಂಜಿನಿಯರು, ಇಲ್ಲವೇ ಬ್ಯಾಂಕಿನ ಕೆಲಸ ಎಂಬುದು ಹೊರನಾಡಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಬಹುಕಾಲ ನಡೆದುಬಂದ ರೂಢಿ. ಈಗೀಗ ಕಾನೂನು ಓದುವವರೂ ಕಾಣಿಸಿಕೊಳ್ಳುತ್ತಿದ್ದಾರೆ. ಓದು ಮುಗಿಸಿದ ಮಗನೋ ಮಗಳೋ ಕಂಪೆನಿಯ ಕೆಲಸ ಬೇಡ, ಎರಡು ವರ್ಷ ಬಡವರ ಮೊಕದ್ದಮೆಗಳಿಗಾಗಿ ದುಡಿಯುತ್ತೇನೆ ಎಂದರೆ ಹಿರಿಯರು ಕೇಳುವುದು ಒಂದೇ ಮಾತು: ಹಾಗಾದರೆ ಹೊಟ್ಟೆಪಾಡಿಗೇನು? ಈ ಪ್ರಶ್ನೆಯನ್ನು ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ನಾವು ನೆಲೆಸಿರುವ ಅಡ್ಯಾರಿಗೂ ಆ ಇತಿಹಾಸದಲ್ಲಿ ಪಾಲಿದೆ.

ಥಿಯಾಸಾಫಿಕಲ್ ಸೊಸೈಟಿಯ ತೋಟದ ಆಲದಮರವನ್ನು ಊರಿನಿಂದ ಬಂದ ನೆಂಟರಿಗೆ ತೋರಿಸದ ಅಡ್ಯಾರಿನ ಕನ್ನಡಿಗರು ಕಡಿಮೆ. ಅಲ್ಲಿ ನೆಲೆಸಿದ್ದ ಆನಿ ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯ ಮೇಲೆ ಮದರಾಸು ಸರ್ಕಾರವು 1916ರಲ್ಲಿ ಮುದ್ರಣ ಕಾಯ್ದೆಯನ್ನು ಪ್ರಯೋಗಿಸಿತು. ಠೇವಣಿಯಾಗಿದ್ದ 2,000 ರೂಪಾಯಿಗಳನ್ನು ಮುಟ್ಟುಗೋಲು ಹಾಕಿಕೊಂಡು ಮತ್ತೆ 10,000 ರೂಪಾಯಿ ಕೇಳಿತು. ಬೆಸೆಂಟರು ವಕೀಲರಲ್ಲ, ಆದರೂ ಹೈಕೋರ್ಟಿನಲ್ಲಿ ತಮ್ಮ ವಾದವನ್ನು ತಾವೇ ಮಂಡಿಸಿದರು. ಅಲ್ಲಿಯೂ, 1919ರಲ್ಲಿ ಪ್ರಿವಿ ಕೌನ್ಸಿಲಿನಲ್ಲಿಯೂ ಅವರಿಗೆ ಸೋಲಾಯಿತು. ಸೋತರೂ ಅವರ ಕೆಲಸ ನಿಲ್ಲಲಿಲ್ಲ. ಠೇವಣಿ ಕಟ್ಟುವ ಶಕ್ತಿ ಅವರಿಗಿತ್ತು. ಬೆನ್ನಿಗೆ ಅಭಿಮಾನಿಗಳ ಬಳಗವಿತ್ತು. ಅಂಥ ಆಸರೆಯಿಲ್ಲದ ವಕೀಲನ ಪಾಡೇನು?

ಇದಕ್ಕೆ ಉತ್ತರವನ್ನು ನಮ್ಮ ಕರಾವಳಿಯಲ್ಲಿಯೇ ಕಾಣಬಹುದು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿಗೆ ಸೇರಿತ್ತಾದ್ದರಿಂದ ಅಲ್ಲಿನ ಹುಡುಗರು ಉನ್ನತ ವಿದ್ಯೆಗೆ ಈ ಪಟ್ಟಣಕ್ಕೆ ಬರುತ್ತಿದ್ದರು. 1881ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಾರ್ನಾಡ್ ಸದಾಶಿವರಾಯರು ಇಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಬೊಂಬಾಯಿಯಲ್ಲಿ ಕಾನೂನು ಕಲಿತು, ಊರಿಗೆ ಮರಳಿ ವಕೀಲಿ ಹಿಡಿದರು. ಸಿರಿವಂತ ಮನೆತನ, ಒಳ್ಳೆಯ ಕಸುಬು. ಎರಡನ್ನೂ ಅವರು ಸ್ವಾತಂತ್ರ್ಯ ಚಳವಳಿಗೆ, ವಿಧವೆಯರ ಶಿಕ್ಷಣಕ್ಕೆ, ದಲಿತರ ಏಳಿಗೆಗೆ ಧಾರೆಯೆರೆದರು. ಮತ್ತೆ ಮತ್ತೆ ಸೆರೆಮನೆ ಕಂಡರು. 1936ರ ಡಿಸೆಂಬರಿನಲ್ಲಿ ಫೈಜ್‌ಪುರ ಕಾಂಗ್ರೆಸ್ಸಿಗೆ ಹೋಗಿ ಕಾಯಿಲೆ ಬಿದ್ದು, 1937ರ ಜನವರಿಯಲ್ಲಿ ತೀರಿಕೊಂಡಾಗ ಅವರ ಆಸ್ತಿಯೆಲ್ಲ ಕರಗಿಹೋಗಿತ್ತು. ಬೆಂಗಳೂರಿನ ಸದಾಶಿವನಗರ ಅವರ ಹೆಸರನ್ನು ಹೊತ್ತಿದೆ. ಆದರೆ ಬದುಕಿದ್ದಾಗ ಅವರ ಸಂಸಾರದ ಭಾರವನ್ನು ಹೊರುವ ಏರ್ಪಾಡು ಯಾವುದೂ ಇರಲಿಲ್ಲ.

ಅಂಥ ಏರ್ಪಾಡೊಂದನ್ನು ಯೋಚಿಸಿದವರು ಗೋಪಾಲಕೃಷ್ಣ ಗೋಖಲೆಯವರು. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ತಿಂಗಳಿಗೆ 75 ರೂಪಾಯಿ ಸಂಬಳಕ್ಕೆ ಪಾಠ ಹೇಳಿದ ಅವರು 1905ರ ಜೂನ್ 12ರಂದು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಸೇರಿದವರು ತಮಗಾಗಿ ಹಣ ಸಂಪಾದಿಸಬಾರದು. ಅವರಿಗೂ ಅವರ ಸಂಸಾರಕ್ಕೂ ಸೊಸೈಟಿ ಒದಗಿಸಿದಷ್ಟರಲ್ಲಿ ತೃಪ್ತರಾಗಿರಬೇಕು. ಮೊದಲ ಐದು ವರ್ಷ ತರಬೇತಿ. ತಿರುವಲ್ಲಿಕೇಣಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು 1907ರಲ್ಲಿ ಇದನ್ನು ಸೇರಿ, ಗೋಖಲೆಯವರ ನಂತರ ಅದರ ಅಧ್ಯಕ್ಷರಾದರು. ಅದೇ ಗೋಖಲೆಯವರ ಹೆಸರಿನಲ್ಲಿ ನಮ್ಮ ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರಗಳ ಸಂಸ್ಥೆಯನ್ನು ಕಟ್ಟಿದರು. ಇಂದು ಫೆಲೋಶಿಪ್ ಎನ್ನುವುದರ ತಿರುಳು ಗೋಖಲೆಯವರ ನಿಯಮದಲ್ಲಿಯೇ ಇದೆ: ಸೇವೆ ಮಾಡುವವನ ಊಟದ ಹೊಣೆ ಸಮಾಜದ್ದು.

ಸ್ವಾತಂತ್ರ್ಯಾನಂತರ ಈ ಹೊಣೆಯ ಒಂದು ಪಾಲನ್ನು ಸಂವಿಧಾನವೇ ಹೊತ್ತಿತು. 1976ರ ತಿದ್ದುಪಡಿಯಿಂದ ಸೇರಿದ 39ಎ ವಿಧಿಯು ಬಡವರಿಗೆ ಉಚಿತ ಕಾನೂನು ನೆರವನ್ನು ಸರ್ಕಾರದ ಕರ್ತವ್ಯವೆಂದಿತು. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಪರವಾಗಿ ಕಪಿಲಾ ಹಿಂಗೋರಾಣಿಯವರು ಹೂಡಿದ ಹುಸೈನಾರಾ ಖಾತೂನ್ ಮೊಕದ್ದಮೆಯಿಂದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗಳಿಗೆ ಹಾದಿ ತೆರೆಯಿತು. ನಮ್ಮ ಪಕ್ಕದ ವೆಲ್ಲೂರಿನ ನಾಗರಿಕರು ಚರ್ಮದ ಕಾರ್ಖಾನೆಗಳ ಕೊಳಕು ನೀರಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1996ರ ಆ ತೀರ್ಪಿನಲ್ಲಿ ಮದರಾಸು ಹೈಕೋರ್ಟಿನಲ್ಲಿ ಪರಿಸರಕ್ಕೆಂದೇ 'ಹಸಿರು ಪೀಠ' ರಚಿಸುವಂತೆ ಸೂಚನೆ ಬಂತು. ಅಡ್ಯಾರ್ ಹಿನ್ನೀರಿನ ಉಳಿವಿಗೂ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. ಅಲ್ಲಿ ಉಳಿದ 58 ಎಕರೆ 2011ರಲ್ಲಿ ಪರಿಸರ ಉದ್ಯಾನವಾಯಿತು. ಇಂಥ ಅರ್ಜಿಗಳ ಹಿಂದೆ ಕಡತ ಓದಿ, ಸ್ಥಳ ನೋಡಿ, ಟಿಪ್ಪಣಿ ಬರೆಯುವ ಕಿರಿಯ ವಕೀಲರು ಬೇಕು. ಅವರೂ ಮನೆ ಬಾಡಿಗೆ ಕಟ್ಟಬೇಕು.

ಅಮೆರಿಕದಲ್ಲಿ ಇದನ್ನರಿತು 1967ರಲ್ಲಿ ಸರ್ಕಾರದ ಹಣದಿಂದ ರೆಜಿನಾಲ್ಡ್ ಹೆಬರ್ ಸ್ಮಿತ್ ಫೆಲೋಶಿಪ್ಪುಗಳನ್ನು ಆರಂಭಿಸಿದರು. 1988ರಲ್ಲಿ ಸ್ಕ್ಯಾಡನ್ ಎಂಬ ದೊಡ್ಡ ವಕೀಲ ಸಂಸ್ಥೆಯೇ ಎರಡು ವರ್ಷದ ಫೆಲೋಶಿಪ್ ತೆರೆಯಿತು. ನಮ್ಮಲ್ಲಿ 2010ರಲ್ಲಿ ಸಂಸತ್ ಸದಸ್ಯರಿಗೆ ಸಂಶೋಧನೆಯಲ್ಲಿ ನೆರವಾಗುವ 'ಲ್ಯಾಂಪ್' ಫೆಲೋಶಿಪ್ ಬಂತು. ಅದು ಕಾನೂನು ಪದವೀಧರರಿಗೂ ತೆರೆದಿದೆ. 2022ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ಬಡ ಆರೋಪಿಗಳ ಪರ ವಾದಿಸಲು ತಿಂಗಳ ಸಂಭಾವನೆಯ ಪೂರ್ಣಾವಧಿ ವಕೀಲರನ್ನು ನೇಮಿಸುವ ಯೋಜನೆ ತಂದಿತು. 2024ರಲ್ಲಿ ಮದರಾಸು ಹೈಕೋರ್ಟು ಕಿರಿಯ ವಕೀಲರಿಗೆ ತಿಂಗಳಿಗೆ ಕನಿಷ್ಠ 15,000ದಿಂದ 20,000 ರೂಪಾಯಿ ಕೊಡಬೇಕೆಂದು ಹೇಳಿದ್ದೂ ಇದೇ ದಾರಿಯ ಹೆಜ್ಜೆ.

ಆದ್ದರಿಂದ ಮಕ್ಕಳು ಇಂಥ ದಾರಿ ಹಿಡಿಯುತ್ತೇನೆಂದಾಗ ಬೇಡವೆನ್ನುವ ಮೊದಲು ಕೆಲವು ಮಾತು ಕೇಳೋಣ. ವೇತನವೆಷ್ಟು, ಅವಧಿಯೆಷ್ಟು, ಕಲಿಸುವ ಹಿರಿಯರು ಯಾರು, ಮುಗಿದ ಮೇಲೆ ಮುಂದೇನು? ಇವುಗಳಿಗೆ ಉತ್ತರವಿದ್ದರೆ ಎರಡು ವರ್ಷ ನಷ್ಟವಲ್ಲ. ದೊಡ್ಡ ಕಚೇರಿಯಲ್ಲಿ ಕೈಗೆ ಬಾರದ ಮೊಕದ್ದಮೆಗಳನ್ನು ಅಲ್ಲಿ ಕಿರಿಯರೇ ನಡೆಸಿ ಕಲಿಯಬಹುದು. ಹಾಗೆಯೇ ನಮ್ಮ ಸಂಘಗಳಿಗೂ ಒಂದು ಮಾತು. ರಾಜ್ಯೋತ್ಸವದಂದು ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುವ ನಾವು, ವರ್ಷಕ್ಕೊಬ್ಬ ಯುವ ವಕೀಲರಿಗೆ ಬಾಡಿಗೆ, ಊಟದ ಖರ್ಚು ಒದಗಿಸುವ ನಿಧಿಯೊಂದನ್ನು ಕೂಡಿಸಲಾರೆವೇ? ಕಾರ್ನಾಡ್ ಸದಾಶಿವರಾಯರಂಥವರನ್ನು ಹೊಗಳುವ ಭಾಷಣಗಳು ನಮ್ಮಲ್ಲಿ ಸಾಕಷ್ಟಿವೆ. ಅವರ ದಾರಿ ಹಿಡಿದವರು ಬರಿಗೈಯಾಗದಂತೆ ನೋಡಿಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ.