ಕುದುರೆ ಬಂದ ದಾರಿ



ವಿಜಯನಗರ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಆನೆ, ಕುದುರೆ, ಕಾಲಾಳುಗಳ ದಂಡು. ಹಂಪಿಗೆ ಹೋಗಿದ್ದರೆ ಹಜಾರರಾಮ ದೇವಸ್ಥಾನದ ಹೊರಗೋಡೆಯ ಮೇಲೆ ಸಾಲಾಗಿ ಸಾಗುವ ಕುದುರೆಗಳನ್ನು ನೀವು ನೋಡಿರುತ್ತೀರಿ. ಅವು ಎಲ್ಲಿಂದ ಬಂದವು ಎಂದು ಯಾವತ್ತಾದರೂ ಯೋಚಿಸಿದ್ದೀರಾ?

ಬಂದದ್ದು ಸಮುದ್ರದ ಮೇಲೆ. ಯುದ್ಧಕ್ಕೆ ಬೇಕಾದ ಉತ್ತಮ ತಳಿ ನಮ್ಮ ದಖ್ಖನಿನ ಹವೆಗೆ ಒಗ್ಗುತ್ತಿರಲಿಲ್ಲ. ಅರೇಬಿಯಾ, ಪರ್ಷಿಯಾದ ಕುದುರೆಗಳು ಹಡಗಿನಲ್ಲಿ ಬಂದು ಭಟ್ಕಳ, ಹೊನ್ನಾವರ, ಗೋವೆಯಲ್ಲಿ ಇಳಿದು ಘಟ್ಟ ಹತ್ತಬೇಕಿತ್ತು. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದನಂತೆ! ಹೀಗೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಅವನ ಹಿಂದೆ ಬಂದ ಪೋರ್ಚುಗೀಸರು ಒಂದು ಹೊಸ ಪದ್ಧತಿ ತಂದರು. ವ್ಯಾಪಾರದ ಹಡಗು ಅವರಿಂದ 'ಕರ್ತಾಜ್' ಎಂಬ ರಹದಾರಿ ಪತ್ರ ಪಡೆಯಬೇಕು. ಇಲ್ಲದಿದ್ದರೆ ಹಡಗೂ ಸರಕೂ ಅವರ ವಶ. ಯಾರ ಸ್ವತ್ತೂ ಅಲ್ಲದ ಕಡಲಿಗೆ ಹೀಗೆ ಸುಂಕದ ಕಟ್ಟೆ ಬಂತು.

ಇಷ್ಟು ದೊಡ್ಡ ಕಡಲನ್ನು ಪುಟ್ಟ ದೇಶವೊಂದು ಹಿಡಿದಿಡುವುದು ಹೇಗೆ? ಅವರಲ್ಲೇ ಎರಡು ಅಭಿಪ್ರಾಯಗಳಿದ್ದವು. ಮೊದಲ ವೈಸರಾಯ್ ಅಲ್ಮೇಡ, ಬಲವೆಲ್ಲ ನೀರಿನ ಮೇಲಿರಲಿ, ಕೋಟೆ ಹೆಚ್ಚಿದಷ್ಟೂ ಶಕ್ತಿ ಹಂಚಿಹೋಗುತ್ತದೆ ಎಂದ. 1509ರಲ್ಲಿ ದೀವ್ ಬಳಿ ಈಜಿಪ್ಟ್ ಮತ್ತು ಗುಜರಾತಿನ ಹಡಗುಪಡೆಯನ್ನು ಸೋಲಿಸಿ ತೋರಿಸಿದ. ಅವನ ನಂತರ ಬಂದ ಆಲ್ಬುಕರ್ಕ್‌ನ ಲೆಕ್ಕವೇ ಬೇರೆ. ಹಡಗಿಗೆ ನೀರು ಬೇಕು, ರಿಪೇರಿ ಬೇಕು, ನಿಲ್ಲಲು ನೆಲೆ ಬೇಕು. ಕಡಲಿನ ಬಾಗಿಲುಗಳನ್ನು ಹಿಡಿದರೆ ಸಾಕು, ಮನೆ ನಮ್ಮದು. 1510ರಲ್ಲಿ ಗೋವೆ, 1511ರಲ್ಲಿ ಮಲಕ್ಕಾ, 1515ರಲ್ಲಿ ಹೋರ್ಮುಜ್ ಅವನ ಕೈಸೇರಿದವು. ಏಡನ್ ಮಾತ್ರ ದಕ್ಕಲಿಲ್ಲ. ಗೋವೆಯ ಮೇಲೆ ಏರಿಹೋಗಲು ಅವನನ್ನು ಒಪ್ಪಿಸಿದವನು ನಮ್ಮ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ!

ಕುದುರೆ ಹೊರಡುವ ಹೋರ್ಮುಜ್, ಇಳಿಯುವ ಗೋವೆ, ಎರಡೂ ಒಬ್ಬರದೇ ಆದ ಮೇಲೆ ಕೇಳಬೇಕೆ? ವಿಜಯನಗರ, ಬಿಜಾಪುರ ಎರಡರ ಜೊತೆಗೂ ಅವರು ಕುದುರೆಯನ್ನು ಮುಂದಿಟ್ಟು ಚೌಕಾಶಿ ನಡೆಸಿದರು.

ಕೃಷ್ಣದೇವರಾಯನಿಗೆ ಇದು ತಿಳಿಯದ ವಿಷಯವಲ್ಲ. ಬಂದರುಗಳನ್ನು ಬೆಳೆಸಬೇಕು, ಆನೆ ಕುದುರೆ ತರುವ ಪರದೇಶದ ವರ್ತಕರನ್ನು ಆದರಿಸಿ, ಅವರು ಶತ್ರುವಿನ ಕಡೆ ಹೋಗದಂತೆ ನೋಡಿಕೊಳ್ಳಬೇಕು ಎಂದು ತನ್ನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದಲ್ಲೇ ಹೇಳಿದ್ದಾನೆ. ಬಂದರಿನ ಬೆಲೆ ಅವನಿಗೆ ಗೊತ್ತಿತ್ತು. ಆದರೆ ಬಂದರಿಗೆ ಬರುವ ದಾರಿಯನ್ನು ಕಾಯುವ ಹಡಗುಪಡೆ ಅವನಿಗಿರಲಿಲ್ಲ.

ಸಮುದ್ರಬಲವೇ ರಾಷ್ಟ್ರಗಳ ಹಣೆಬರಹ ಬರೆಯುತ್ತದೆ ಎಂಬ ವಾದವನ್ನು ಅಮೆರಿಕದ ನೌಕಾಧಿಕಾರಿ ಮಹಾನ್ ಪುಸ್ತಕವಾಗಿಸಿದ್ದು 1890ರಲ್ಲಿ. ಭಾರತ ಕಡಲಿನ ಮೇಲಿನ ಹಿಡಿತ ಕಳೆದುಕೊಂಡ ಮೇಲೆಯೇ ಸ್ವಾತಂತ್ರ್ಯ ಕಳೆದುಕೊಂಡಿತೆಂದು ಕೆ. ಎಂ. ಪಣಿಕ್ಕರ್ ಬರೆದದ್ದು 1945ರಲ್ಲಿ. ಆ ಪಾಠಕ್ಕೆ ನಮ್ಮ ಕರಾವಳಿ ಆಗಲೇ ಬೆಲೆ ತೆತ್ತಾಗಿತ್ತು.

2005ರಲ್ಲಿ ಕಾರವಾರದ ಬಳಿ ನೌಕಾಪಡೆಯ ನೆಲೆಯೊಂದು ಆರಂಭವಾಯಿತು. ಹೆಸರು ಐಎನ್‌ಎಸ್ ಕದಂಬ. ಗೋವೆಗೆ ಹೊರಟ ಆಲ್ಬುಕರ್ಕ್‌ನ ಹಡಗುಗಳು ಸಾಗಿದ್ದು ಇದೇ ಕರಾವಳಿಯುದ್ದಕ್ಕೂ. ಮುಂದಿನ ಸಲ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ, ಕಾರವಾರ ಬಂದೊಡನೆ ಇದನ್ನೊಮ್ಮೆ ನೆನೆಯಿರಿ. ಪಕ್ಕದಲ್ಲಿ ಮಕ್ಕಳಿದ್ದರೆ ಆ ಕುದುರೆಯ ಬಾಲದ ಕಥೆಯನ್ನೂ ಹೇಳಿ.